ಕೆಂಪು ಗೆರೆ ಬೀಳದ ತಪ್ಪುಗಳನ್ನು ಹಿಡಿಯುವ ಡಿಟಿಪಿ ಅಂಗಡಿ

ಆಗುಂಬೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅದರ ಇಂಗ್ಲಿಷ್ ಕರಪತ್ರ ಅಚ್ಚು ಹಾಕಿಸಲು ಶಿವಮೊಗ್ಗದ ದುರ್ಗಿಗುಡಿಯ ಈ ಅಂಗಡಿಗೆ ಹೋಗಿದ್ದೆ. ಜೆರಾಕ್ಸ್, ಲ್ಯಾಮಿನೇಷನ್ ಎಲ್ಲ ಕಡೆ ಇರುವಂತೆ ಇಲ್ಲಿಯೂ ಇವೆ. ಹೋಗಬೇಕಾದದ್ದು ಕಂಪ್ಯೂಟರ್ ಮುಂದೆ ಕೂರುವ ಹುಡುಗಿಗಾಗಿ.

ಕರಪತ್ರ ಬರೆದುಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. ಪರದೆಯ ಮೇಲೆ ಒಂದೂ ಕೆಂಪು ಗೆರೆ ಇರಲಿಲ್ಲ. ಬೀಳುವುದಾದರೂ ಹೇಗೆ? ಒಂದು ಪದದ ಜಾಗದಲ್ಲಿ ಅದರ ದಾಯಾದಿ ಬಂದು ಕುಳಿತರೆ ಕಾಗುಣಿತ ನೋಡುವ ಯಂತ್ರಕ್ಕೆ ಎರಡೂ ಸರಿಯೇ. ಈಕೆ ಮಾತ್ರ ಮೊದಲ ಸಾಲಿಗೇ ನಿಲ್ಲಿಸಿ, “ಅಕ್ಕಾ, ನಿಮ್ಮದು ಗದ್ದಲವಿಲ್ಲದ ಜಾಗವೋ, ಪರವಾಗಿಲ್ಲ ಎನ್ನುವಂಥ ಜಾಗವೋ?” ಎಂದು ಕೇಳಿದಳು. ‘ಕ್ವಯಟ್’ ಇರಬೇಕಾದಲ್ಲಿ ‘ಕ್ವೈಟ್’ ಬಿದ್ದಿತ್ತು. ಕೊನೆಯ ‘ಇ’ ಮತ್ತು ‘ಟಿ’ ಅದಲುಬದಲು.

ಆಕೆಯ ಕ್ರಮವೇ ಇದು. ನೀವು ಹೇಳಹೊರಟದ್ದೇನು ಎಂದು ಮೊದಲು ಕನ್ನಡದಲ್ಲಿ ಕೇಳುತ್ತಾಳೆ, ಆಮೇಲೆ ಇಂಗ್ಲಿಷಿಗೆ ಕೈ ಹಾಕುತ್ತಾಳೆ. ಬೆಳಗಿನ ತಿಂಡಿಗೆ ದುಡ್ಡು ತೆಗೆದುಕೊಳ್ಳುತ್ತೀರಾ ಎಂದಳು. ಇಲ್ಲವೆಂದೆ. ಹಾಗಾದರೆ ‘ಕಾಂಪ್ಲಿಮೆಂಟರಿ’ಯಲ್ಲಿ ‘ಎಲ್’ ಆದ ಮೇಲೆ ‘ಐ’ ಬೇಕು. ‘ಇ’ ಬಂದರೆ ಒಂದನ್ನೊಂದು ಪೂರ್ತಿ ಮಾಡುವುದು, ಕಡುಬಿಗೆ ಚಟ್ನಿ ಇದ್ದ ಹಾಗೆ. ಹಲಸಿನ ಹಣ್ಣಿನ ಪಾಯಸದ ಮುಂದೆ ‘ಡೆಸರ್ಟ್’ ಎಂಬುದಕ್ಕೆ ಒಂದೇ ‘ಎಸ್’ ಇತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಊಟದ ಕೊನೆಗೆ ಮರುಭೂಮಿ ಬಡಿಸುವವರಿದ್ದೆವು.

ನನಗೆ ತುಂಬ ಹಿಡಿಸಿದ್ದು ಉಂಬಳದ, ಅಂದರೆ ಕಾಡಿನ ಜಿಗಣೆಯ, ಪ್ರಸಂಗ. ಮಳೆಗಾಲದಲ್ಲಿ ಕಾಡು ಸುತ್ತುವವರಿಗೆ ಉಂಬಳ ಹತ್ತದಂತೆ ಮೊಣಕಾಲಿನವರೆಗೆ ಬರುವ ದಪ್ಪ ಕಾಲುಚೀಲ ಕೊಡುತ್ತೇವೆ. ಅಲ್ಲಿ ‘ಲೀಚ್’ ಎನ್ನುವುದನ್ನು ‘ಇ ಎ’ ಹಾಕಿ ಬರೆಯಲಾಗಿತ್ತು. ಅದೂ ನಮ್ಮ ಕಡೆಯ ಸಂಗತಿಯೇ: ಜಡಿಮಳೆಗೆ ಮಣ್ಣಿನ ಸತ್ವ ನೀರಿನೊಂದಿಗೆ ಇಳಿದುಹೋಗುವುದು. ಅಡಿಕೆ ತೋಟದ ಹುಳಿಮಣ್ಣಿಗೆ ಸುಣ್ಣ ಹಾಕುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಕ್ತ ಹೀರುವುದಕ್ಕೆ ಬೇಕಾದದ್ದು ಎರಡು ‘ಇ’. “ಉಂಬಳಕ್ಕೆ ಎರಡು ತುದಿಯಲ್ಲೂ ಹಿಡಿತ ಇದೆಯಲ್ಲ ಅಕ್ಕಾ, ಹಾಗೆ ನೆನಪಿಟ್ಟುಕೊಳ್ಳಿ” ಎಂದಳು. ನಿಜ, ಹಿಂದಿನ ತುದಿಯಿಂದ ಅಂಟಿ ನಿಂತು ಮುಂದಿನದರಿಂದ ಕಚ್ಚುತ್ತದೆ ಅದು.

ಬ್ಯಾಂಕಿಗೆ ಕೊಡಬೇಕಿದ್ದ ಸಾಲದ ಪತ್ರವನ್ನೂ ತೋರಿಸಿದೆ. ‘ಪ್ರಿನ್ಸಿಪಲ್’ನ ಕೊನೆಯ ‘ಎಲ್ ಇ’ ತೆಗೆದು ‘ಎ ಎಲ್’ ಮಾಡಿದಳು. ಮೊದಲಿನದು ತತ್ವ, ಎರಡನೆಯದು ಪ್ರಾಂಶುಪಾಲರು, ಸಾಲದ ಅಸಲು. ಅಸಲಿನಲ್ಲೇ ‘ಅಲ್’ ಇದೆ ಎಂಬುದು ಆಕೆಯ ಸೂತ್ರ. ಇಂಗ್ಲಿಷಿನವರು ಕೊನೆಯ ಮೂರಕ್ಷರ ‘ಪ್ಯಾಲ್’, ಅಂದರೆ ಗೆಳೆಯ, ಎಂದು ಕಲಿಸುತ್ತಾರೆ. ನಮ್ಮ ಕಾಲದ ಪ್ರಾಂಶುಪಾಲರನ್ನು ಕಂಡವರಿಗೆ ಅದು ನಾಟುವುದಿಲ್ಲ.

ದೂರುಗಳೂ ಇವೆ. ಕರೆಂಟು ಹೋದರೆ ಕೆಲಸ ನಿಂತಂತೆಯೇ. ಹಟವೂ ಸ್ವಲ್ಪ ಜಾಸ್ತಿ: ‘ಲೈಸೆನ್ಸ್’ ನಾಮಪದವಾದರೆ ಬ್ರಿಟಿಷ್ ಪದ್ಧತಿಯಂತೆ ‘ಸಿ’ ಎಂದು ಪಟ್ಟು ಹಿಡಿದಳು, ಅಮೆರಿಕದವರು ನಾಮಪದಕ್ಕೂ ಕ್ರಿಯಾಪದಕ್ಕೂ ‘ಎಸ್’ ಬರೆಯುತ್ತಾರೆ, ಬಿಟ್ಟಿದ್ದರೂ ನಡೆಯುತ್ತಿತ್ತು. ಇನ್ನು ಅಂಗಡಿಯ ಬೋರ್ಡು. ಅದರಲ್ಲಿ ‘ಸ್ಟೇಷನರಿ’ಗೆ ‘ಇ’ ಬದಲು ‘ಎ’ ಇದೆ, ಅಂದರೆ ಕದಲದೆ ನಿಂತದ್ದು. ಕೇಳಿದರೆ, ಬದಲಾಯಿಸಲು ಮಾಲೀಕರು ದುಡ್ಡು ಬಿಚ್ಚುವುದಿಲ್ಲ ಎಂದು ನಕ್ಕಳು. ಹಿಂದೆ ಯುರೋಪಿನಲ್ಲಿ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಹಾಕಿ ಪುಸ್ತಕ ಮಾರುತ್ತಿದ್ದವರಿಂದಲೇ ಆ ಪದ ಬಂದದ್ದು, ಹಾಗಾಗಿ ಪೂರ್ತಿ ಸುಳ್ಳೂ ಅಲ್ಲ ಎಂದು ಸಮಜಾಯಿಷಿ ಬೇರೆ.

ತಿದ್ದುವುದಕ್ಕೆ ಪುಟಕ್ಕೆ 40 ರೂಪಾಯಿ, ಅಚ್ಚಿನದು ಬೇರೆ. ಮದುವೆಯ ಕಾಲದಲ್ಲಿ ಹೋಗಬೇಡಿ, ಲಗ್ನಪತ್ರಿಕೆಗಳ ನಡುವೆ ನಿಮ್ಮ ಸರದಿ ಬರುವುದಿಲ್ಲ.