ಕಲರ್ ಪ್ರಿಂಟಿಗೆ ಯಾವ ಪೇಪರ್? ಒಂದೇ ಫೋಟೋನ ಮೂರರ ಮೇಲೆ ಹಾಕಿ ನೋಡ್ದೆ

ಕಿಟಕಿ ಪಕ್ಕ ಕೂತಿರೋ ನಮ್ಮಜ್ಜಿದು ಒಂದು ಫೋಟೋ ಇದೆ, ಅರ್ಧ ಮುಖಕ್ಕೆ ಬೆಳಕು, ಇನ್ನರ್ಧ ನೆರಳು, ಮೈಮೇಲೆ ಗಾಢ ಕೆಂಪು ಶಾಲು. ಗೋಡೆಗೆ ಹಾಕೋಕೆ ಅಂತ ಪಿಗ್ಮೆಂಟ್ ಇಂಕ್ (ಕರಗದ ಬಣ್ಣದ ಕಣಗಳಿರೋ ಇಂಕ್) ಪ್ರಿಂಟರಲ್ಲಿ ಮೂರು ಪೇಪರ್ ಮೇಲೆ ತೆಗೆದೆ: ಮಾಮೂಲಿ ಆರ್‌ಸಿ ಲಸ್ಟರ್ (ಪ್ಲಾಸ್ಟಿಕ್ ಪದರ ಇರೋ, ತೆಳು ಹೊಳಪಿನ ಫೋಟೋ ಪೇಪರ್), ಹಾನೆಮ್ಯೂಲೆ ಫೋಟೋ ರ‍್ಯಾಗ್ 308, ಕ್ಯಾನ್ಸನ್ ಇನ್ಫಿನಿಟಿ ಪ್ಲಾಟಿನ್ ಫೈಬರ್ ರ‍್ಯಾಗ್ 310. ಈ 308, 310 ಅನ್ನೋದು ಜಿಎಸ್‌ಎಂ, ಚದರ ಮೀಟರಿಗೆ ಅಷ್ಟು ಗ್ರಾಂ ತೂಕ. ಕೊನೆಯ ಎರಡೂ 100% ಹತ್ತಿ ಪೇಪರ್.

ಲಸ್ಟರ್ ಬಗ್ಗೆ ಹೆಚ್ಚೇನಿಲ್ಲ. ಬಣ್ಣ ಚೆನ್ನಾಗಿ ಬರುತ್ತೆ, ಬೇಗ ಒಣಗುತ್ತೆ, ಆಲ್ಬಮ್ಮಿಗೆ, ಹಂಚೋಕೆ ಧಾರಾಳ ಸಾಕು, ಆದ್ರೆ ಕೈಲಿ ಹಿಡಿದ್ರೆ ಮೇಲಿರೋ ಪ್ಲಾಸ್ಟಿಕ್ ಪದರ ಗೊತ್ತಾಗಿಬಿಡುತ್ತೆ.

ಫೋಟೋ ರ‍್ಯಾಗ್ ಮುಟ್ಟಿದ್ರೇನೇ ಖುಷಿ, ಅಷ್ಟು ಮೆತ್ತಗೆ. ಅಜ್ಜಿ ಕೆನ್ನೆ ಮೇಲಿನ ಬೆಳಕು ಇದರಲ್ಲಿ ಬಂದಷ್ಟು ಹದವಾಗಿ ಬೇರೆ ಎರಡರಲ್ಲಿ ಬರ್ಲಿಲ್ಲ. ಆದ್ರೆ ಶಾಲು ನೋಡಿ, ಲಸ್ಟರಲ್ಲಿ ನೆರಳಿನ ಕಡೆ ಮೂರು ಮಡಿಕೆ ಕಾಣ್ತಿತ್ತು, ಇಲ್ಲಿ ಮೂರೂ ಸೇರಿ ಒಂದೇ ಕಂದು ಪಟ್ಟಿ ಆಗಿತ್ತು. ಇದು ಮ್ಯಾಟ್, ಅಂದ್ರೆ ಹೊಳಪಿಲ್ಲದ ಪೇಪರ್, ಯಾವ ಮ್ಯಾಟ್ ಪೇಪರಾದ್ರೂ ಹೀಗೇನೇ, ಮೇಲ್ಮೈ ಒರಟಾಗಿರೋದ್ರಿಂದ ಬೆಳಕು ಎಲ್ಲಾ ದಿಕ್ಕಿಗೂ ಚೆದುರಿ ಕಪ್ಪಿನ ಮೇಲೂ ಒಂಚೂರು ಬಿಳಿ ಬೆರೆಯುತ್ತೆ, ಹೊಳಪಿನ ಪೇಪರಿನಷ್ಟು ಆಳದ ಕಪ್ಪು ಸಿಗಲ್ಲ. ಅದೇ ಪೇಪರ್ ಮೇಲೆ ಮಂಜು ಕವಿದ ಬೆಟ್ಟದ ಫೋಟೋ ತೆಗೆದ್ರೆ ಕಣ್ಣು ಕೀಳೋಕಾಗಲ್ಲ, ಯಾಕಂದ್ರೆ ಅಲ್ಲಿ ಕಪ್ಪೇ ಬೇಕಿಲ್ಲ. ಇನ್ನೊಂದು, ಹತ್ತಿ ಮ್ಯಾಟ್ ಪೇಪರನ್ನ ಪ್ರಿಂಟರಿಗೆ ಹಾಕೋ ಮುಂಚೆ ಮೆತ್ತನೆ ಬ್ರಷ್ಷಲ್ಲಿ ಒಂದ್ಸಲ ಸವರಿ, ಹತ್ತಿ ಎಳೆಯ ಧೂಳು ಕೂತಿದ್ರೆ ಇಂಕ್ ಅದರ ಮೇಲೆ ಬೀಳುತ್ತೆ, ಆಮೇಲೆ ಧೂಳು ಉದುರಿದ್ರೆ ಆಕಾಶದ ಮಧ್ಯೆ ಬಿಳಿ ಚುಕ್ಕೆ ಉಳಿಯುತ್ತೆ. ಸೆಟ್ಟಿಂಗಲ್ಲಿ ಇಂಥ ಪೇಪರಿಗಂತಾನೇ ಇರೋ ಮ್ಯಾಟ್ ಬ್ಲ್ಯಾಕ್ ಇಂಕ್ ಇದೆಯಾ ಅಂತಾನೂ ನೋಡ್ಕೊಳಿ, ನಾನು ಮೊದಲ ಹಾಳೆ ಹೊಳಪಿನ ಪೇಪರಿಗೆ ಬಳಸೋ ಫೋಟೋ ಬ್ಲ್ಯಾಕಲ್ಲಿ ತೆಗೆದು ಪೂರ್ತಿ ಬೂದಿ ಬಣ್ಣ ಮಾಡ್ಕೊಂಡೆ.

ಪ್ಲಾಟಿನಲ್ಲಿ ಮಡಿಕೆ ಮೂರೂ ವಾಪಸ್ ಬಂತು! ಡಾರ್ಕ್‌ರೂಮಿನ ಹಳೇ ಬರೈಟಾ (ಬೇರಿಯಂ ಸಲ್ಫೇಟ್ ಪದರ ಇರೋ) ಪೇಪರಿನ ತರ ಹದವಾದ ಹೊಳಪು, ಕೆಂಪಿನೊಳಗೆ ಕೆಂಪು ಬಿಡಿಬಿಡಿಯಾಗಿ ಕಾಣುತ್ತೆ. ಬೆಳ್ಳಗೆ ಕಾಣ್ಲಿ ಅಂತ ಸೇರಿಸೋ ಬ್ರೈಟ್ನರ್ ಇದರಲ್ಲಿಲ್ಲ, ಅದು ನನಗೆ ದೊಡ್ಡ ವಿಷಯ, ಯಾಕಂದ್ರೆ ಬ್ರೈಟ್ನರ್ ವರ್ಷ ಕಳೆದಂಗೆ ಶಕ್ತಿ ಕಳ್ಕೊಂಡು ಪೇಪರ್ ಹಳದಿಗೆ ತಿರುಗುತ್ತೆ. ಹೊಳಪಿನ ಪೇಪರ್ ಮೇಲೆ ಪಿಗ್ಮೆಂಟ್ ಇಂಕ್ ಬಿದ್ದಾಗ ಓರೆಯಾಗಿ ಹಿಡಿದ್ರೆ ಇಂಕ್ ಇರೋ ಜಾಗ ಇಲ್ಲದ ಜಾಗ ಬೇರೆ ಬೇರೆ ಹೊಳೆಯೋದುಂಟು, ಗಾಜು ಹಾಕಿದ್ಮೇಲೆ ಅದು ಗಮನಕ್ಕೇ ಬರಲ್ಲ.

ದುಡ್ಡು ಹಾಕೋ ಮುಂಚೆ ಸ್ಯಾಂಪಲ್ ಪ್ಯಾಕ್ ತಗೊಳಿ, ಆ ಪೇಪರಿಗೂ ನಿಮ್ಮ ಪ್ರಿಂಟರಿಗೂ ಅಂತಾನೇ ಇರೋ ಐಸಿಸಿ ಪ್ರೊಫೈಲ್ (ಬಣ್ಣ ಸರಿಯಾಗಿ ಬರೋಕೆ ಬಳಸೋ ಫೈಲ್) ಹಾಕಿ, ತೆಗೆದ ತಕ್ಷಣ ತೀರ್ಮಾನ ಮಾಡ್ಬೇಡಿ, ಒಂದಿನ ಒಣಗಲಿ. ಆಮೇಲೆ ಫೋಟೋ ಎಲ್ಲಿ ತೂಗುಹಾಕ್ತೀರೋ ಅದೇ ಗೋಡೆ ಹತ್ರ, ರಾತ್ರಿ ಅಲ್ಲಿ ಉರಿಯೋ ಲೈಟಲ್ಲೇ ನೋಡಿ. ನಮ್ಮಜ್ಜಿ ಪ್ಲಾಟಿನಲ್ಲೇ ಗೋಡೆ ಮೇಲಿದ್ದಾರೆ.