ಬೋಣಿಗೆ ಮೊದಲೇ ಕ್ಯಾಮೆರಾ: ಪೇಟೆಯ ಭಾನುವಾರದ ನಡಿಗೆಗೆ ಐದರಲ್ಲಿ ಮೂರು

ತಾನು ಹುಟ್ಟಿದ ಬೀದಿಯನ್ನು ನೋಡಲು 1,200 ರೂಪಾಯಿ ತೆತ್ತವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ತೆತ್ತದ್ದು ಮಗಳು, ನಿಜ. ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ ವಿಭಾಗದ ಹುಡುಗರಿಗೆ ಮೋಟಾರು, ಟ್ರಾನ್ಸ್‌ಫಾರ್ಮರು ಕಲಿಸಿ ಕಳೆದ ವರ್ಷ ನಿವೃತ್ತಳಾದೆ. ಅಂದಿನಿಂದ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ತಿರುಗುತ್ತಿದ್ದೇನೆ. ಅದನ್ನು ನೋಡಿ ಅವಳು ಬೆಂಗಳೂರಿನ ಹಳೆಯ ಪೇಟೆಯಲ್ಲಿ ಛಾಯಾಗ್ರಾಹಕರ ನಡಿಗೆ ಏರ್ಪಡಿಸುವ ತಂಡವೊಂದರಲ್ಲಿ ನನ್ನ ಹೆಸರು ಬರೆಸಿದಳು. "ಅಮ್ಮ, ನಿನ್ನ ಕಬ್ಬನ್‌ಪೇಟೆಯನ್ನು ನಿನಗೇ ತೋರಿಸುತ್ತಾರಂತೆ, ಹೋಗಿ ಬಾ" ಎಂದು ನಗುತ್ತಾ ಕಳಿಸಿದಳು. ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಬಗೆಯ ನಡಿಗೆಗಳು ಈಗ ಹಲವು ನಡೆಯುತ್ತಿವೆ, ನನ್ನ ತಕರಾರು ಬಹುಶಃ ಎಲ್ಲಕ್ಕೂ ಸಲ್ಲುತ್ತದೆ.

ಬೆಳಿಗ್ಗೆ ಆರಕ್ಕೆ ಕೆ.ಆರ್. ಮಾರುಕಟ್ಟೆಯ ಮೆಟ್ರೊ ನಿಲ್ದಾಣದ ಮುಂದೆ ಸೇರಬೇಕು ಎಂದು ಸಂದೇಶ ಬಂದಿತ್ತು. ಭಾನುವಾರ ಮೆಟ್ರೊ ಓಡಲು ಶುರುವಾಗುವುದೇ ಏಳಕ್ಕೆ. ಮೆಟ್ರೊ ನಿಲ್ದಾಣದ ಮುಂದೆ ಸೇರಲು ಆಟೊದವನಿಗೆ 240 ರೂಪಾಯಿ ಕೊಟ್ಟೆ. ಸೇರಿದವರು ಹದಿನಾಲ್ಕು ಮಂದಿ, ಹೆಚ್ಚಿನವರು ಮೂವತ್ತರೊಳಗಿನವರು, ನಾಲ್ವರ ಹೆಗಲಲ್ಲಿ ತೋಳುದ್ದದ ಜೂಮ್ ಲೆನ್ಸ್. ನನ್ನದು ಹಳೆಯ ಮಿರರ್‌ಲೆಸ್, ಅದಕ್ಕೆ 35 ಎಂಎಂ ಲೆನ್ಸ್ ಒಂದೇ. ಮಾರ್ಗದರ್ಶಕ ಹುಡುಗ ಚುರುಕು, ಸಭ್ಯ. ನನ್ನನ್ನು ಮೊದಲು "ಆಂಟಿ" ಎಂದ. ನಾನು ನೋಡಿದ ರೀತಿಗೆ "ಮೇಡಂ" ಎಂದು ತಿದ್ದಿಕೊಂಡ.

ಮೊದಲು ಅವನು ಚೆನ್ನಾಗಿ ಮಾಡಿದ್ದನ್ನು ಹೇಳಿಬಿಡುತ್ತೇನೆ. ಮಾರುಕಟ್ಟೆಯಲ್ಲಿ ಹೇಗೆ ನಿಲ್ಲಬೇಕು ಎಂಬುದನ್ನು ಹೊರಗೇ ಕಲಿಸಿಕೊಟ್ಟ. "ದಾರಿ, ದಾರಿ" ಎಂಬ ಕೂಗು ಕೇಳಿದರೆ ಚಿತ್ರ ಅರ್ಧಕ್ಕೆ ನಿಂತರೂ ಸರಿ, ಗೋಡೆಗೆ ಒತ್ತಿಕೊಳ್ಳಿ. ತಲೆಯ ಮೇಲೆ ಮೂಟೆ ಹೊತ್ತವನಿಗೆ ನೀವು ಕಾಣುವುದಿಲ್ಲ, ಅವನಿಗೆ ಬ್ರೇಕೂ ಇಲ್ಲ ಎಂದ. ಕ್ಯಾಮೆರಾ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ, ಕೈಗಾಡಿಯ ಹಿಡಿಗೆ ಸಿಕ್ಕಿಕೊಳ್ಳುತ್ತದೆ ಎಂದ. ನೆಲ ಕೊಳೆತ ಎಲೆಯಿಂದ ಜಾರುತ್ತದೆ ಎಂದು ಚಪ್ಪಲಿ ಹಾಕಿ ಬಂದಿದ್ದ ಇಬ್ಬರನ್ನು ಕೈಹಿಡಿದು ನಡೆಸಿದ. ಇದೆಲ್ಲ ಅನುಭವದಿಂದ ಬಂದ ಮಾತು, ಇಷ್ಟಕ್ಕೇ ಅರ್ಧ ದುಡ್ಡು ಕೊಡಬಹುದು.

ಚರಿತ್ರೆಯ ವಿಷಯಕ್ಕೆ ಬಂದಾಗ ಮಾತ್ರ ಜಾರಿದ್ದು ಅವನೇ. ಎದುರಿನ ಕಟ್ಟಡ ತೋರಿಸಿ "ಕೆಂಪೇಗೌಡರ ಕಾಲದ್ದು" ಎಂದುಬಿಟ್ಟ. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಈ ಮಾರುಕಟ್ಟೆ ಕಟ್ಟಡವಾದದ್ದು 1920ರ ದಶಕದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ. ನಡುವೆ ಸುಮಾರು ನಾಲ್ಕು ಶತಮಾನ. ನಮ್ಮ ಅಜ್ಜಿ ಈ ಜಾಗವನ್ನು ಸಾಯುವವರೆಗೂ ಸಿದ್ದಿಕಟ್ಟೆ ಎಂದೇ ಕರೆಯುತ್ತಿದ್ದರು, "ಸಿದ್ದಿಕಟ್ಟೆಗೆ ಹೋಗಿ ಸೊಪ್ಪು ತಾ" ಎಂದು. ಆ ಹೆಸರು ಹುಡುಗನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಮೆಲ್ಲಗೆ ತಿದ್ದಿದೆ, ಅವನು "ಹೌದಾ ಮೇಡಂ" ಎಂದು ಬರೆದುಕೊಂಡ. ಅದು ನನಗೆ ಹಿಡಿಸಿತು.

ಹೂವಿನ ಅಂಗಳಕ್ಕೆ ಇಳಿದಾಗ ನಿಜವಾದ ತೊಡಕು ಶುರುವಾಯಿತು. ಸಗಟು ವ್ಯಾಪಾರ ಕತ್ತಲಲ್ಲೇ ಮುಗಿದಿರುತ್ತದೆ. ಆರು ಗಂಟೆಗೆ ಕಾಣುವುದು ಸಗಟಿನವರಿಂದ ಕೊಂಡು ಚಿಲ್ಲರೆ ಮಾರುವ ಹೆಂಗಸರು. ಅವರಲ್ಲಿ ಹಲವರಿಗೆ ಆಗ ಬೋಣಿಯೂ ಆಗಿರುವುದಿಲ್ಲ. ಹುಡುಗನ ಉಪದೇಶವೆಂದರೆ, ಕೇಳಬೇಡಿ, ಕೇಳಿದರೆ ಮುಖದ ಸಹಜತೆ ಹೋಗುತ್ತದೆ, ಕ್ಯಾಮೆರಾವನ್ನು ನಿಶ್ಶಬ್ದ ಶಟರ್‌ಗೆ ಹಾಕಿ ಸುಮ್ಮನೆ ತೆಗೆಯುತ್ತಾ ಹೋಗಿ. ಹದಿನಾಲ್ಕು ಮಂದಿ ಹಾಗೇ ಮಾಡಿದರೆ ಏನಾಗುತ್ತದೆ? ಕನಕಾಂಬರ ಕಟ್ಟುತ್ತಿದ್ದ ಒಬ್ಬಾಕೆಯ ಬುಟ್ಟಿಯ ಸುತ್ತ ಐದು ಜನ ಅರ್ಧಚಂದ್ರಾಕಾರವಾಗಿ ಕುಕ್ಕರುಗಾಲಲ್ಲಿ ಕುಳಿತರು. ಹೂ ಕೊಳ್ಳಲು ಬಂದ ಗಿರಾಕಿ ಅವರ ಬೆನ್ನು ನೋಡಿ ಪಕ್ಕದ ಬುಟ್ಟಿಗೆ ಹೋದ. ಆಕೆ ನಾರು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದಳು: "ಬೋಣಿ ಆಗಿಲ್ಲ, ಮೇಲಿಂದ ಮೇಲೆ ಫೋಟೊ. ನನ್ನ ಮುಖ ಹೊತ್ತುಕೊಂಡು ಹೋಗಿ ಏನು ಮಾಡುತ್ತೀರಿ? ಒಂದು ಮೊಳ ಹೂವಾದರೂ ಹೊತ್ತುಕೊಂಡು ಹೋಗಿ."

ನಾನು ನಾಲ್ಕು ಮೊಳ ಕೊಂಡೆ. ದುಡ್ಡನ್ನು ಆಕೆ ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಗೋಣಿಯ ಕೆಳಗೆ ಇಟ್ಟಳು. ಆಮೇಲೆ "ಈಗ ತೆಗೆಯಿರಿ ಅಕ್ಕ" ಎಂದಳು. ಆ ತಕ್ಕಡಿಗೆ ಮುಟ್ಟಿಸಿದ ಕ್ಷಣವೇ ಆ ದಿನದ ಚಿತ್ರ. ಅದು ನನ್ನಲ್ಲಿಲ್ಲ, ಏಕೆಂದರೆ ಆಗ ನನ್ನ ಎರಡೂ ಕೈ ಪರ್ಸಿನಲ್ಲಿದ್ದವು. ಐದು ಜನರಲ್ಲಿಯೂ ಇಲ್ಲ, ಅವರು ಆಗಲೇ ಚೆಂಡುಹೂವಿನ ಕಡೆ ಹೋಗಿದ್ದರು.

ನಿಶ್ಶಬ್ದ ಶಟರ್‌ನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಇದು ನನ್ನ ಕಸುಬು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತದಲ್ಲಿ ಅದು ಎರಡು ಸಲ ಏರುತ್ತದೆ, ಹಾಗಾಗಿ ಹಳೆಯ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿ ದೀಪವೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಒಂದೊಂದೇ ಸಾಲಾಗಿ ಓದುತ್ತಾ ಬರುತ್ತದೆ. ಒಂದು ಸಾಲಿಗೆ ಬೆಳಕು ಏರಿದಾಗ, ಮುಂದಿನದಕ್ಕೆ ಇಳಿದಾಗ ಸಿಗುತ್ತದೆ. ಫಲ, ಚಿತ್ರದ ತುಂಬ ಅಡ್ಡಡ್ಡ ಪಟ್ಟೆ. ಹೂವಿನ ಅಂಗಳದ ಒಳಭಾಗ ಬೆಳಿಗ್ಗೆ ಪೂರ್ತಿ ದೀಪದ ಬೆಳಕಿನಲ್ಲಿಯೇ ಇರುತ್ತದೆ. ತಿಂಡಿಯ ಹೊತ್ತಿಗೆ ಮೂವರು ತಮ್ಮ ಚಿತ್ರಗಳಲ್ಲಿ ಕನಕಾಂಬರದ ಮೇಲೆ ಹುಲಿಪಟ್ಟೆ ಬಿದ್ದಿದ್ದನ್ನು ನೋಡಿ ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಿದ್ದರು. ಕೆಟ್ಟಿರಲಿಲ್ಲ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಮಿನುಗು ಸರಿಯಾಗಿ ಒಳಗೆ ಕೂರುತ್ತದೆ, ಪಟ್ಟೆ ಹೋಗುತ್ತದೆ. ಸಣ್ಣದೊಂದು ಟಕ್ ಎಂಬ ಸದ್ದು ಬರುತ್ತದೆ. ಬರಲಿ. ಆ ಸದ್ದು ಕೇಳಿ ಎದುರಿನವರು ತಲೆಯೆತ್ತಿ ಬೇಡವೆಂದರೆ, ಬೇಡ.

ಇನ್ನೊಂದು ಮಾತು, ಇದನ್ನೂ ಯಾರೂ ಹೇಳಿಕೊಡಲಿಲ್ಲ. ಚೆಂಡುಹೂವಿನ ರಾಶಿ ಕ್ಯಾಮೆರಾಗೆ ಮೋಸ ಮಾಡುತ್ತದೆ. ಒಟ್ಟಾರೆ ಬೆಳಕು ಸರಿಯಿದೆ ಎಂದು ಪರದೆ ತೋರಿಸುತ್ತಿದ್ದರೂ ಕೆಂಪು ಬಣ್ಣವೊಂದೇ ಮಿತಿ ದಾಟಿ, ದಳಗಳೆಲ್ಲ ಒಂದೇ ಕಿತ್ತಳೆ ಮುದ್ದೆಯಾಗುತ್ತವೆ. ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕಿನಲ್ಲಿ ತೆಗೆದು, ಮನೆಯಲ್ಲಿ ಕಂಪ್ಯೂಟರಿನಲ್ಲಿ ಬೆಳಕು ಎತ್ತಿಕೊಳ್ಳುವುದು ಒಳ್ಳೆಯದು. ಹೊರಗಿನ ಅಂಗಡಿಗಳಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಕುಳಿತವರ ಮುಖ ನೀಲಿಗಟ್ಟುತ್ತದೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಮೇಲಿನ ಮಹಡಿಯ ಕಟಕಟೆಯಿಂದ ಕೆಳಗಿನ ಹೂರಾಶಿಗಳನ್ನು ನೋಡುವ ಆ ಪ್ರಸಿದ್ಧ ನೋಟಕ್ಕೆ ಅರ್ಧ ಗಂಟೆ ಮೀಸಲಿಟ್ಟಿದ್ದರು. ಕಟಕಟೆಗೆ ಸರದಿ. ಇನ್ನೊಂದು ತಂಡವೂ ಬಂದಿತ್ತು. ಎಲ್ಲರೂ ಒಂದೇ ಚಿತ್ರ ತೆಗೆದೆವು, ನಾನೂ ತೆಗೆದೆ.

ಅಲ್ಲಿಂದ ಎಸ್.ಜೆ.ಪಿ. ರಸ್ತೆ ಬದಿಯ ಭಾನುವಾರದ ಸಂತೆ. ತುಕ್ಕು ಹಿಡಿದ ಸ್ಪ್ಯಾನರು, ಒಂದೇ ಕಾಲಿನ ಶೂ, ರಿಮೋಟಿಲ್ಲದ ಟಿವಿ, ಟಿವಿಯಿಲ್ಲದ ರಿಮೋಟು. ಒಬ್ಬನ ಬಳಿ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಕಂಡೆ, 120 ಫಿಲ್ಮಿನ ಸುರುಳಿಗೆ ಹನ್ನೆರಡೇ ಚಿತ್ರ ಕೊಡುತ್ತಿದ್ದ ಕಪ್ಪು ಡಬ್ಬಿ. ನನ್ನ ಸೋದರಮಾವನದು ಅದೇ ಇತ್ತು. ಒಂದು ವರ್ಷ ಕರಗದ ರಾತ್ರಿ ಹನ್ನೆರಡನ್ನೂ ಹಾಳುಮಾಡಿದ್ದ, ಅಂಥ ಕತ್ತಲಲ್ಲಿ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಮಾರುವವನು 1,500 ಎಂದ, ನಾನು 300 ಎಂದೆ, ಇಬ್ಬರೂ ನಕ್ಕೆವು.

ಚಿಕ್ಕಪೇಟೆಗೆ ಕರೆದೊಯ್ದ ಹೊತ್ತು ಮಾತ್ರ ಅಚ್ಚುಕಟ್ಟು. ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ, ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಎರಡೂ ಬದಿಯ ಕಟ್ಟಡಗಳು ಒತ್ತಿಕೊಂಡಿರುವುದರಿಂದ ಅಲ್ಲಿ ನೆಲಕ್ಕೆ ಬಿಸಿಲು ಬೀಳಲು ಹೊತ್ತೇರಬೇಕು. ಚಿಕ್ಕಪೇಟೆಯ ಬೀದಿ ಪೂರ್ವ ಪಶ್ಚಿಮವಾಗಿದೆ, ಎಳೆಬಿಸಿಲು ಬೀದಿಯುದ್ದಕ್ಕೂ ಹರಿದು ಬರುತ್ತದೆ. ಎರಡೂ ಕೂಡುವ ದೊಡ್ಡಪೇಟೆಯ ಚೌಕದಲ್ಲಿ ಏಳೂಮುಕ್ಕಾಲಿಗೆ ನಿಂತೆವು, ಬೆಳಕು ಒಂದು ಕಡೆಯಿಂದ ಚಿನ್ನ, ಇನ್ನೊಂದು ಕಡೆಯಿಂದ ಬೂದಿ. ಹುಡುಗ ಇದನ್ನು ಲೆಕ್ಕ ಹಾಕಿಯೇ ತಂದಿದ್ದ, ಭೇಷ್ ಎಂದೆ.

ಆದರೆ ಭಾನುವಾರ ಚಿಕ್ಕಪೇಟೆಯ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಚಿನ್ನದ ಬೆಳಕು ಬಿದ್ದದ್ದು ರೋಲಿಂಗ್ ಶಟರುಗಳ ಮೇಲೆ. ಸೀರೆ ಬಿಚ್ಚಿ ಹಾಸುವ ಕೈಗಳಿಲ್ಲ, ಜಗುಲಿಯ ಬಿಳಿ ಹಾಸಿಗೆಯಿಲ್ಲ, "ಬನ್ನಿ ಮೇಡಂ, ನೋಡಿ ಸಾಕು, ಕೊಳ್ಳಬೇಡಿ" ಎನ್ನುವವರಿಲ್ಲ. ನಡಿಗೆಯ ಜಾಹೀರಾತಿನಲ್ಲಿದ್ದ ಚಿತ್ರಗಳೆಲ್ಲ ವಾರದ ದಿನದವು. ಅದನ್ನು ಮೊದಲೇ ಹೇಳಬೇಕಿತ್ತು. ಕೇಳಿದ್ದಕ್ಕೆ, ವಾರದ ದಿನ ಇಟ್ಟರೆ ಜನ ರಜೆ ಹಾಕಿ ಬರುವುದಿಲ್ಲ ಎಂದ. ಅದೂ ನಿಜವೇ.

ಬಳೇಪೇಟೆಯ ಹಳೆಯ ಹೋಟೆಲಿನಲ್ಲಿ ತಿಂಡಿ. ಇಡ್ಲಿ ಚೆನ್ನಾಗಿತ್ತು. ಶುಲ್ಕದಲ್ಲಿ ಸೇರಿದೆ ಎಂದಿದ್ದ ಉಪಾಹಾರವೆಂದರೆ ಎರಡು ಇಡ್ಲಿ, ಕಾಫಿಗೆ ನಾವೇ ಕೊಡಬೇಕು. ಹದಿನಾಲ್ಕು ಕಾಫಿಗೆ ಹದಿನಾಲ್ಕು ಮೊಬೈಲುಗಳು ಚಾಚಿದಾಗ ಗಲ್ಲಾಪೆಟ್ಟಿಗೆಯ ಯಜಮಾನರು ತಲೆ ಚಚ್ಚಿಕೊಂಡರು.

ಒಂಬತ್ತೂವರೆಗೆ "ಹೊತ್ತಾಯಿತು" ಎಂದು ಮುಗಿಸಿಬಿಟ್ಟರು. ನಗರ್ತಪೇಟೆಯ ಧರ್ಮರಾಯನ ಗುಡಿ, ಕಬ್ಬನ್‌ಪೇಟೆಯ ಮಗ್ಗ, ಎರಡೂ ಪಟ್ಟಿಯಲ್ಲಿದ್ದವು, ಎರಡೂ ಆಗಲಿಲ್ಲ. ಕಟಕಟೆಯ ಬಳಿ ಕಳೆದ ಅರ್ಧ ಗಂಟೆ ಇಲ್ಲಿ ಬೇಕಾಗಿತ್ತು. ನಾನು "ಮಗ್ಗ ನೋಡಬೇಕಾದವರು ನನ್ನ ಜೊತೆ ಬನ್ನಿ" ಎಂದೆ, ಮೂವರು ಬಂದರು, ಹುಲಿಪಟ್ಟೆಯವರೇ.

ನಮ್ಮ ಓಣಿಯಲ್ಲಿ ಈಗ ಲಾಳಿಯ ಸದ್ದು ಕೆಲವೇ ಮನೆಗಳಲ್ಲಿ ಉಳಿದಿದೆ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವರು, ಆಮೇಲೆ ಸಾಲ ಮಾಡಿ ವಿದ್ಯುತ್ ಮಗ್ಗ ಹಾಕಿದರು. ಕರೆಂಟು ಹೋದರೆ ಮನೆಯೆಲ್ಲ ಕಿವುಡಾದಂತೆ ಮೌನ. ಆ ಮೋಟಾರು ಬಿಚ್ಚಿ ಕಟ್ಟುವುದನ್ನು ನೋಡುತ್ತಲೇ ನಾನು ಡಿಪ್ಲೊಮಾ ಸೇರಿದ್ದು. ಎರಡನೆಯ ಅಡ್ಡರಸ್ತೆಯ ಒಂದು ಮನೆಯಲ್ಲಿ ಬಾಗಿಲು ತೆರೆದಿತ್ತು. ಒಳಗೆ ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತುತ್ತಿದ್ದ ಅಜ್ಜಿ ನನ್ನ ಮುಖ ನೋಡಿ ಯಾರ ಮಗಳು ಎಂದು ಕೇಳಿದರು, ಹೇಳಿದೆ, "ಓ, ಕೂತುಕೋ" ಎಂದರು. ಮೂವರೂ ಚಪ್ಪಲಿ ಬಿಟ್ಟು ಕೂತರು. ಹತ್ತು ನಿಮಿಷ ಯಾರೂ ಕ್ಯಾಮೆರಾ ಮುಟ್ಟಲಿಲ್ಲ, ಅಜ್ಜಿ ಮಜ್ಜಿಗೆ ಕೊಟ್ಟರು. ಆಮೇಲೆ ತಾವಾಗಿಯೇ "ತೆಗೆಯುವುದಿಲ್ಲವಾ?" ಎಂದರು. ಆ ಒಂದೇ ಬಲ್ಬಿನ ಕೋಣೆಯಲ್ಲಿ 1/50ಕ್ಕೆ ಇಟ್ಟರೆ ಹಾಸಿನ ಉದ್ದದೆಳೆಗಳು ನಿಚ್ಚಳವಾಗಿ ನಿಲ್ಲುತ್ತವೆ, ಲಾಳಿ ಬಿಳಿ ಗೆರೆಯಾಗಿ ಹಾಯುತ್ತದೆ. ಹುಡುಗರಲ್ಲಿ ಒಬ್ಬ ಅದನ್ನು ನನಗಿಂತ ಚೆನ್ನಾಗಿ ತೆಗೆದ.

ಹೋಗಬಹುದೇ ಎಂದರೆ, ಪೇಟೆಯನ್ನು ಎಂದೂ ನೋಡದವರು ಹೋಗಬಹುದು. ಓಣಿಗಳಲ್ಲಿ ದಾರಿ ತಪ್ಪುವ ಭಯವಿರುವುದಿಲ್ಲ, ಹೆಂಗಸರು ಒಬ್ಬರೇ ಹೋಗುವುದಕ್ಕಿಂತ ನಿರಾಳ. ಮೆಕ್ಯಾನಿಕಲ್ ಶಟರ್, ಚಿಕ್ಕ ಲೆನ್ಸ್, ಜಾರದ ಶೂ, ಹತ್ತು ಇಪ್ಪತ್ತರ ನೋಟುಗಳ ಒಂದು ಕಟ್ಟು ಒಯ್ಯಿರಿ. ಚಿಕ್ಕಪೇಟೆಗೋಸ್ಕರವೇ ಹೋಗುವವರು ಗುರುವಾರವೋ ಶುಕ್ರವಾರವೋ ತಾವೇ ಮೆಟ್ರೊದಲ್ಲಿ ಇಳಿದುಕೊಳ್ಳಿ.

ನಾಲ್ಕು ದಿನದ ಮೇಲೆ ತಂಡದವರಿಂದ ಸಂದೇಶ ಬಂತು: ಮಗ್ಗದ ಚಿತ್ರ ತುಂಬ ಚೆನ್ನಾಗಿದೆಯಂತೆ, ಮುಂದಿನ ನಡಿಗೆಯ ಜಾಹೀರಾತಿಗೆ ಕೊಡಬಹುದೇ? ಆ ಮನೆಗೆ ನೀವು ಕರೆದೊಯ್ಯಲಿಲ್ಲವಲ್ಲ ಎಂದು ಬರೆದೆ. ಅಜ್ಜಿಯನ್ನು ಕೇಳಿ ಹೇಳುತ್ತೇನೆ, ಅಷ್ಟರಲ್ಲಿ ಬಿಟ್ಟುಹೋದ ಎರಡು ಜಾಗಗಳ ದುಡ್ಡನ್ನು ಹದಿನಾಲ್ಕು ಮಂದಿಗೂ ವಾಪಸು ಕೊಡಿ ಎಂದೂ ಬರೆದೆ. ಅಜ್ಜಿ ಬೇಡವೆಂದರು. ತಂಡದವರು ಇನ್ನೂ ಏನೂ ಹೇಳಿಲ್ಲ, ಇಂದಿಗೆ ಒಂಬತ್ತು ದಿನ.