ಬಿಸಿಲು, ಕರೆಂಟು, ನೆಟ್‌ವರ್ಕು: ನಮ್ಮ ಕಡೆಗೆ ಒಗ್ಗುವ ವಿಡಿಯೋ ಗೇಮ್ ಯಾವುದು?

ಗೇಮ್ ವಿಮರ್ಶೆ ಅಂದರೆ ಗ್ರಾಫಿಕ್ಸ್‌ಗೆ ಇಷ್ಟು ಅಂಕ, ಕಥೆಗೆ ಇಷ್ಟು ಅಂಕ ಅನ್ನುವುದು ರೂಢಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ದುಡ್ಡು ಕೊಟ್ಟು ಗೇಮ್ ತಗೊಳ್ಳುವವರು ಅದಕ್ಕೂ ಮೊದಲು ಬೇರೆ ಎರಡು ಪ್ರಶ್ನೆ ಕೇಳಬೇಕು. ನಡುವೆ ಕರೆಂಟ್ ಹೋದರೆ ಆಡಿದ್ದರಲ್ಲಿ ಎಷ್ಟು ಉಳಿಯುತ್ತದೆ? ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫೋನು, ಲ್ಯಾಪ್‌ಟಾಪು ಎಷ್ಟು ಹೊತ್ತು ತಾಳುತ್ತವೆ? ಹೀಗೆ ತೂಗಿದರೆ ದೊಡ್ಡ ಹೆಸರಿನ ಕೆಲವು ಗೇಮ್‌ಗಳು ಹಿಂದೆ ಬೀಳುತ್ತವೆ.

ಎಲ್ಲರ ಫೋನಿನಲ್ಲೂ ಇರುವ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದಿಂದಲೇ ಶುರು ಮಾಡೋಣ; ಕೊನೆತನಕ ಉಳಿದವರೇ ಗೆಲ್ಲುವ ಬಂದೂಕಿನ ಆಟ. 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂದ ಗೇಮ್ ಇದು. ಬಂದೂಕಿನ ಒದೆತ, ಹೆಜ್ಜೆ ಸಪ್ಪಳ ಬರುವ ದಿಕ್ಕು, ನಾಲ್ವರ ತಂಡದ ಮಾತುಕತೆ, ಇವುಗಳಲ್ಲಿ ಇದಕ್ಕೆ ಸಾಟಿ ಕಡಿಮೆ. ದುಡ್ಡು ಹಾಕಿದವರಿಗೆ ಬಟ್ಟೆ, ಬಂದೂಕಿನ ಬಣ್ಣ ಸಿಗುತ್ತದೆಯೇ ಹೊರತು ಹೆಚ್ಚಿನ ಬಲ ಸಿಗುವುದಿಲ್ಲ. ಇದು ನಿಜಕ್ಕೂ ದೊಡ್ಡ ಗುಣ. ಆದರೆ ಆ ಬಣ್ಣಗಳಲ್ಲಿ ಬಹಳಷ್ಟು ಸಿಗುವುದು ಅದೃಷ್ಟದ ಪೆಟ್ಟಿಗೆಗಳಿಂದ. ಎಷ್ಟು ಸುರಿದರೂ ಬೇಕಾದ್ದು ಬರದೇ ಹೋಗಬಹುದು. ಮಕ್ಕಳ ಕೈಗೆ ಫೋನ್ ಕೊಡುವವರು ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಲೇಬೇಕು.

ಇದರ ನಿಜವಾದ ಕಷ್ಟ ಬಿಸಿಲಲ್ಲಿ ಗೊತ್ತಾಗುತ್ತದೆ. ಎರಂಗೆಲ್ ಮ್ಯಾಪಿನಲ್ಲಿ 100 ಜನ, 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ, ಕೊನೆತನಕ ಉಳಿದರೆ ಸುಮಾರು ಅರ್ಧ ಗಂಟೆಯ ಆಟ. ಮಾಳಿಗೆ ಕಾದ ಕೋಣೆಯಲ್ಲಿ ಮಧ್ಯಾಹ್ನ ಆಡಿದರೆ ಮೊದಲು ಪರದೆಯ ಬೆಳಕು ತಾನಾಗಿ ಇಳಿಯುತ್ತದೆ. ಆಮೇಲೆ ಫೋನು ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ತಗ್ಗಿಸುತ್ತದೆ, ಆಟ ತಡವರಿಸುತ್ತದೆ. ಅದೂ ಆಡುವ ಜಾಗವನ್ನು ಸುತ್ತುವರಿದ ಕೊನೆಯ ವೃತ್ತ ಕಿರಿದಾಗುವ ಹೊತ್ತಿಗೇ. ಬೇಸಿಗೆಯಲ್ಲಿ ಗ್ರಾಫಿಕ್ಸ್ ‘ಸ್ಮೂತ್’ ಇಟ್ಟು ಫ್ರೇಮ್ ರೇಟನ್ನು ‘ಎಕ್ಸ್‌ಟ್ರೀಮ್’ನಿಂದ ‘ಅಲ್ಟ್ರಾ’ಕ್ಕೆ ಇಳಿಸಿ, ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಇದ್ದದ್ದು 40 ಆಗುತ್ತದೆ, ಆದರೆ ಕೊನೆವರೆಗೂ ಅಷ್ಟೇ ಸಿಗುತ್ತದೆ. ಹಿಂಬದಿಯ ಕವರ್ ತೆಗೆಯಿರಿ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಬ್ಯಾಟರಿಯ ಕಾವು ಪ್ರೊಸೆಸರ್ ಕಾವಿಗೆ ಸೇರುತ್ತದೆ. ಮಧ್ಯಾಹ್ನವೇ ಆಡಬೇಕೆಂದರೆ ಲಿವಿಕ್ ಎಂಬ ಸಣ್ಣ ಮ್ಯಾಪ್ ಸಾಕು: 2 ಕಿ.ಮೀ.ಗೆ 2 ಕಿ.ಮೀ., 52 ಜನ, ಸುಮಾರು ಕಾಲು ಗಂಟೆ. ಎರಡು ಸಿಮ್ ಇರುವವರಿಗೆ ಇನ್ನೊಂದು ತೊಂದರೆಯಿದೆ. ಹಲವು ಫೋನುಗಳಲ್ಲಿ ಒಂದು ಸಿಮ್‌ಗೆ ಕರೆ ಬಂದು ಮಾತಾಡುತ್ತಿದ್ದರೆ ಮತ್ತೊಂದರ ಡೇಟಾ ನಿಲ್ಲುತ್ತದೆ. ಆಗ ನಿಮ್ಮ ಆಟಗಾರ ಮೈದಾನದಲ್ಲೇ ನಿಂತಿರುತ್ತಾನೆ. ಆಟ ಮುಗಿದಿರದಿದ್ದರೆ ಮತ್ತೆ ಒಳಗೆ ಹೋಗಬಹುದು, ಅಷ್ಟರಲ್ಲಿ ಯಾರೂ ಹೊಡೆದಿರದಿದ್ದರೆ.

ಇದೇ ಬಗೆಯ ಫ್ರೀ ಫೈರ್ ಮ್ಯಾಕ್ಸ್ ಕಡಿಮೆ ಬೆಲೆಯ ಫೋನಿಗೂ ಹಗುರ, 50 ಜನ, ಹತ್ತು ನಿಮಿಷದ ಆಸುಪಾಸು. ಆದರೆ ಅದರಲ್ಲಿ ಪಾತ್ರಗಳಿಗೆ ವಿಶೇಷ ಶಕ್ತಿಗಳಿವೆ; ಹೊಸಬರು ಆ ಪಾತ್ರಗಳು ಕೈಗೆ ಬರುವವರೆಗೆ ಹಿಂದೆಯೇ ಉಳಿಯುತ್ತಾರೆ. ವ್ಯಾಲೊರಂಟ್ ಕಂಪ್ಯೂಟರಿನಲ್ಲಿ ಆಡುವ, ಅಚ್ಚುಕಟ್ಟಾದ ಐವರ ತಂಡದ ಬಂದೂಕಿನ ಆಟ, ಮೊದಲು 13 ಸುತ್ತು ಗೆದ್ದವರದ್ದು ಪಂದ್ಯ. ಸರ್ವರ್ ಮುಂಬೈಯಲ್ಲೇ ಇದೆ, ಹಾಗಾಗಿ ನೆಟ್‌ವರ್ಕ್ ತಡ ಕಡಿಮೆ. ಆದರೂ ಯುಪಿಎಸ್ ಇಲ್ಲದ ಮನೆಗೆ ಇದು ಬೇಡ: ಕರೆಂಟ್ ಹೋಗಿ ನೀವು ಹೊರಬಿದ್ದರೂ ಗೇಮ್ ಅದನ್ನು ಬಿಟ್ಟು ಓಡಿದ್ದೆಂದೇ ಲೆಕ್ಕ ಹಾಕುತ್ತದೆ, ಮತ್ತೆ ಮತ್ತೆ ಆದರೆ ಪಂದ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ವಿಂಡೋಸ್ 11 ಇದ್ದರೆ ಕಂಪ್ಯೂಟರಿನ ಸುರಕ್ಷತಾ ಸೌಲಭ್ಯಗಳಾದ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು.

ಒಂದೇ ಒಂದು ಗೇಮ್ ಕೊಳ್ಳುವಷ್ಟು ದುಡ್ಡಿದ್ದರೆ ನಮ್ಮ ಆಯ್ಕೆ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಕಟ್ಟಿ 2016ರಲ್ಲಿ ಹೊರತಂದ ಹೊಲದ ಆಟ. 2 ಜಿಬಿ ರ್‍ಯಾಮ್, 500 ಎಂಬಿ ಜಾಗ ಇದ್ದರೆ ಸಾಕು, ಹಳೆಯ ಆಫೀಸ್ ಕಂಪ್ಯೂಟರಿನಲ್ಲೂ ಬಿಸಿಯೇರದೆ ಓಡುತ್ತದೆ. ಕಂಪ್ಯೂಟರಿನಲ್ಲಿ ಆಟ ಸೇವ್ ಆಗುವುದು ಪಾತ್ರ ಮಲಗಿದಾಗ ಮಾತ್ರ, ಇದು ಅದರ ದೋಷ. ಆದರೆ ಆಟದ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಹಾಗಾಗಿ ದಿಢೀರನೆ ಕರೆಂಟ್ ಹೋದರೂ ನಷ್ಟ ಅಷ್ಟಕ್ಕೇ.

ಒಂದು ಋತುವಿಗೆ 28 ದಿನ. ಹೊಸಬರು ಎಡವುವುದು ಎರಡು ಕಡೆ. ಹೂಕೋಸು 12 ದಿನದ ಬೆಳೆ. ವಸಂತದ 16ನೇ ದಿನ ದಾಟಿ ಹಾಕಿದರೆ ಕೈಗೆ ಬರುವ ಮೊದಲೇ ಋತು ಬದಲಾಗಿ ಒಣಗಿಹೋಗುತ್ತದೆ. ಇನ್ನೊಂದು, ನೀರುಣಿಸುವ ಶಕ್ತಿಗೂ ಮೀರಿ ಬಿತ್ತುವುದು. ದಿನಕ್ಕೆ 270 ಶಕ್ತಿ, ಮೊದಮೊದಲು ಒಂದು ಗಿಡಕ್ಕೆ ನೀರು ಹಾಕಲು 2 ಖರ್ಚು. 40 ಗಿಡಕ್ಕೆ 80 ಹೋದರೆ ಕಲ್ಲು ಒಡೆಯಲು, ಮರ ಕಡಿಯಲು ಉಳಿದದ್ದಷ್ಟೇ. ಕೃಷಿಯಲ್ಲಿ 6ನೇ ಹಂತ ಮುಟ್ಟಿದರೆ ಸಿಗುವ ಸ್ಪ್ರಿಂಕ್ಲರ್ ಸುತ್ತಲ 8 ಗಿಡಕ್ಕೆ ನೀರುಣಿಸುತ್ತದೆ. ಅಲ್ಲಿಯವರೆಗೆ ಹೊಲ ಸಣ್ಣದಾಗಿಯೇ ಇರಲಿ.

ಬೇಸಾಯ ಗೊತ್ತಿದ್ದವರಿಗೆ ಇದರ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಎಷ್ಟೇ ಮಾರಿದರೂ ದರ ಇಳಿಯುವುದಿಲ್ಲ. ರಾಯಚೂರು ಎಪಿಎಂಸಿಗೆ ಹತ್ತಿ ಒಮ್ಮೆಲೇ ಬಂದಾಗ ದರ ಏನಾಗುತ್ತದೆಂದು ಕಂಡವರಿಗೆ ಇದು ಸಪ್ಪೆ. ಕೆರೆಯ ನೀರಿಗೂ ಕೊನೆಯಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನ ಚಿಂತೆ ಈ ಆಟಕ್ಕೆ ಗೊತ್ತೇ ಇಲ್ಲ.

ಮನೆಯಲ್ಲಿ ಎಂಟು–ಹತ್ತು ವರ್ಷದ ಮಕ್ಕಳಿದ್ದರೆ ಮೈನ್‌ಕ್ರಾಫ್ಟ್, ಚೌಕದ ತುಂಡುಗಳಿಂದ ತಮ್ಮದೇ ಲೋಕ ಕಟ್ಟುವ ಆಟ. ಕಂಪ್ಯೂಟರಿನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಒಂದೇ ವೈಫೈಗೆ ಸೇರಿದ ಇಬ್ಬರು ಹೊರಗಿನ ಸರ್ವರ್ ಇಲ್ಲದೆ ಜೊತೆಗೆ ಆಡಬಹುದು. ಒಬ್ಬರೇ ಆಡುವಾಗ ಎಸ್ಕೇಪ್ ಒತ್ತಿ ಆಟ ನಿಲ್ಲಿಸಿದಾಗೆಲ್ಲ ಸೇವ್ ಆಗುತ್ತದೆ, ಮಕ್ಕಳಿಗೆ ಅದನ್ನೇ ಅಭ್ಯಾಸ ಮಾಡಿಸಿ. ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಕಟ್ಟಿದ ಲೋಕವೇ ಕೆಡುವ ಸಾಧ್ಯತೆ ಇದೆ. ಅದಕ್ಕೇ ವಾರಕ್ಕೊಮ್ಮೆ ‘ಸೇವ್ಸ್’ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಕಾದರೆ ರೆಂಡರ್ ದೂರವನ್ನು, ಅಂದರೆ ಆಟ ಎಷ್ಟು ದೂರದವರೆಗೆ ಚಿತ್ರ ಬಿಡಿಸುತ್ತದೆ ಅನ್ನುವುದನ್ನು, 8 ಚಂಕ್‌ಗೆ (ಆಟದ ಅಳತೆ) ಇಳಿಸಿ.

ಜಿಟಿಎ 5 ದೊಡ್ಡವರ ಆಟ, ಮಕ್ಕಳಿಗೆ ಖಂಡಿತ ಅಲ್ಲ. ಊರು ಸುತ್ತುವ ಸುಖ 2013ರ ಈ ಗೇಮ್‌ನಲ್ಲಿ ಇನ್ನೂ ಮಾಸಿಲ್ಲ. ಆದರೆ ಸುಮಾರು 100 ಜಿಬಿ ಇಳಿಸಬೇಕು: ದಿನಕ್ಕೆ 2 ಜಿಬಿ ಪ್ಲಾನ್‌ನಲ್ಲಿ 50 ದಿನ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಇದನ್ನೇ ಕೊಂಡ ಗೆಳೆಯರಿದ್ದರೆ ಎರಡೂ ಕಂಪ್ಯೂಟರನ್ನು ಒಂದೇ ವೈಫೈಗೆ ಸೇರಿಸಿ, ಸೆಟ್ಟಿಂಗ್ಸ್‌ನ ‘ಡೌನ್‌ಲೋಡ್ಸ್’ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಆನ್ ಮಾಡಿದರೆ ಹೆಚ್ಚಿನ ಭಾಗ ಅಲ್ಲಿಂದಲೇ ಬರುತ್ತದೆ. ಮಿಷನ್ ಇಲ್ಲದಾಗ ಪಾತ್ರದ ಫೋನಿನಿಂದಲೇ ಸೇವ್ ಮಾಡಬಹುದು.

ಕಂಪ್ಯೂಟರ್‌ನಲ್ಲಿ ಆಡುವವರು ಮನೆಯ ಇನ್ವರ್ಟರನ್ನು ಒಮ್ಮೆ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ‘ಇಕೋ’ ಮತ್ತು ‘ಯುಪಿಎಸ್’ ಎಂಬ ಸ್ವಿಚ್ ಇರುತ್ತದೆ. ‘ಇಕೋ’ದಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ತಿರುಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು, ರೂಟರ್ ಕೂಡ. ‘ಯುಪಿಎಸ್’ಗೆ ಹಾಕಿದರೆ ಬಹುತೇಕ ಎರಡೂ ನಿಲ್ಲದೆ ಉಳಿಯುತ್ತವೆ. ಸಂಡೂರು, ತೋರಣಗಲ್ಲಿನ ಕಡೆಯವರು ಇನ್ನೊಂದು ಮಾಡಬೇಕು: ತಿಂಗಳಿಗೊಮ್ಮೆ ಫ್ಯಾನಿನ ಕೆಂಪು ಧೂಳು ಊದಿಸಿ ತೆಗೆಯಿರಿ, ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.